ಜೂನ್ ಒಂದರ ಮಕ್ಕಳು

ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಬೆರಳು ಕಿವಿಗೆ ತಾಗಿದರೆ ಆರು ತುಂಬಿದೆ, ಒಂದನೇ ಇಯತ್ತೆಗೆ ಹೆಸರು ಬರೆದುಕೊಳ್ಳಿ. ತಾಗದಿದ್ದರೆ ಮುಂದಿನ ವರ್ಷ ಬಾ ಮರಿ. ಮುಂಬಯಿಯ ಒಂದು ಮುನಿಸಿಪಾಲ್ಟಿ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ನಾನು ಮಕ್ಕಳ ವಯಸ್ಸು ಗೊತ್ತುಮಾಡಿದ್ದು ಹೀಗೆ. ಜನನ ಪತ್ರ ತರುತ್ತಿದ್ದವರು ಹೋಟೆಲಿನವರು, ಬ್ಯಾಂಕಿನವರು, ರೈಲ್ವೆಯವರು. ಸಿಂದಗಿ, ಜೇವರ್ಗಿ, ಶೋರಾಪುರದ ಕಡೆಯಿಂದ ಗೌಂಡಿ ಕೆಲಸಕ್ಕೆ, ಖಡಿ ಮಷೀನಿಗೆ, ಡಾಂಬರು ಹಾಕಲಿಕ್ಕೆ ಬಂದವರ ಮಕ್ಕಳಿಗೆ ಅದೆಲ್ಲಿಂದ ಬರಬೇಕು? ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡು, ಆರು ವರ್ಷ ಹಿಂದಕ್ಕೆ ಎಣಿಸಿ, ರಿಜಿಸ್ಟರಿನಲ್ಲಿ ಜೂನ್ 1 ಎಂದು ಬರೆಯುತ್ತಿದ್ದೆವು. ಕೆಲವು ವರ್ಷ ನನ್ನ ವರ್ಗದ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದೇ ದಿನ ಹುಟ್ಟಿದವರು. ಸ್ಟಾಫ್ ರೂಮಿನಲ್ಲಿ ಅದು ನಮಗೊಂದು ನಗೆಚಾಟಿಕೆ: ಇವತ್ತು ಎಲ್ಲರ ಹುಟ್ಟುಹಬ್ಬ, ಪೇಡೆ ಯಾರು ತರುತ್ತೀರಿ?

ಆ ತಾರೀಖಿಗೆ ಎಂಥ ತೂಕವಿದೆ ಎಂದು ತಿಳಿದದ್ದು ನಿವೃತ್ತಿಯಾದ ಮೇಲೆ, ಭಿವಂಡಿಯಲ್ಲಿ.

ಥಾಣೆ ಜಿಲ್ಲೆಯ ಬಾಲ ನ್ಯಾಯ ಮಂಡಳಿ ಕೂರುವುದು ಭಿವಂಡಿಯಲ್ಲಿ. ಹುಡುಗರ ವೀಕ್ಷಣಾಲಯವೂ ಅಲ್ಲೇ. ಜನ ಅದಕ್ಕೆ ಇಂದಿಗೂ 'ರಿಮಾಂಡ್ ಹೋಮ್' ಅನ್ನುತ್ತಾರೆ. ಕಾಯ್ದೆ ಎಷ್ಟು ಸಲ ಹೆಸರು ಬದಲಿಸಿದರೂ ಜನರ ಬಾಯಲ್ಲಿ ಅದು ಬದಲಾಗಿಲ್ಲ. ಡೊಂಬಿವಲಿ ಪೂರ್ವದಲ್ಲಿರುವ ನನ್ನ ಮನೆಯಿಂದ ಹೊರಟರೆ ಲೋಕಲ್ಲಿನಲ್ಲಿ ಕಲ್ಯಾಣ, ಅಲ್ಲಿಂದ ಬಸ್ಸು. ದುರ್ಗಾಡಿ ಕೋಟೆಯ ಬಳಿ ಖಾಡಿ ದಾಟಿ, ಕೋನಗಾವ್ ಹಿಂದೆ ಬಿದ್ದು, ಮಗ್ಗಗಳ ಖಟಖಟ ಕಿವಿಗೆ ಬಿದ್ದರೆ ಭಿವಂಡಿ ಬಂತು. ಮಂಡಳಿಯ ಎದುರು ಬರುವ ಮಗುವಿಗೆ ತಿಳಿಯುವ ಭಾಷೆಯಲ್ಲೇ ವಿಚಾರಣೆ ಆಗಬೇಕು, ಅದಕ್ಕಾಗಿ ಜಿಲ್ಲೆಯಲ್ಲಿ ದುಭಾಷಿಗಳ ಪಟ್ಟಿ ಇರಬೇಕು ಎಂದು ನಿಯಮ ಹೇಳುತ್ತದೆ. ಸಮಾಜಕಾರ್ಯ ಓದಿದ ಹುಡುಗಿಯೊಬ್ಬಳು ಒಂದು ದಿನ ಮನೆಗೇ ಬಂದು, "ಟೀಚರ್, ಕನ್ನಡ ಬಿಟ್ಟರೆ ಬೇರೆ ಏನೂ ಬಾಯಿ ಬಿಡದ ಹುಡುಗ ಇದ್ದಾನೆ, ಬರುತ್ತೀರಾ?" ಅಂದಳು. ಹೋದೆ. ಆಮೇಲೆ ಹೋಗುತ್ತಲೇ ಇದ್ದೇನೆ.

ಮಂಡಳಿ ಎಂದರೆ ಒಬ್ಬ ಮ್ಯಾಜಿಸ್ಟ್ರೇಟು, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರು ಹೆಣ್ಣುಮಗಳು. ಕಟಕಟೆ ಇಲ್ಲ, ಬೇಡಿ ಇಲ್ಲ. 'ಆರೋಪಿ' ಎಂದು ಕರೆಯುವಂತಿಲ್ಲ. ಮರಾಠಿ ಕಾಗದಗಳಲ್ಲಿ 'ವಿಧಿಸಂಘರ್ಷಗ್ರಸ್ತ ಬಾಲಕ' ಎಂದು ಬರೆಯುತ್ತಾರೆ. ನಾಲಗೆ ಹೊರಳಿಸಲು ಮಕ್ಕಳಿಗೇ ಆಗದ ಮಾತು, ಆದರೆ ಉದ್ದೇಶ ಒಳ್ಳೆಯದು. 2015ರ ಕಾಯ್ದೆ ಓದಿದರೆ ಇದನ್ನು ಬರೆದವರಿಗೆ ಮಕ್ಕಳ ಮೇಲೆ ಕರುಳಿತ್ತು ಅನ್ನಿಸುತ್ತದೆ. ಮಗುವನ್ನು ಲಾಕಪ್ಪಿನಲ್ಲಿ ಇಡಬಾರದು, 24 ಗಂಟೆಯೊಳಗೆ ಮಂಡಳಿಯ ಮುಂದೆ ತರಬೇಕು, ಜಾಮೀನು ಕೊಡುವುದೇ ವಾಡಿಕೆಯಾಗಬೇಕು, ಹೆಸರು ಹೊರಗೆ ಬರಬಾರದು, ಮುಗಿದ ಮೇಲೆ ದಾಖಲೆ ಅಳಿಸಿಹಾಕಬೇಕು. ಜಾತಿ, ಜನಾಂಗ, ಹುಟ್ಟಿದ ಊರು ನೋಡಿ ಭೇದ ಮಾಡಬಾರದು ಎಂಬುದೂ ಅದರ ಮೂರನೇ ಕಲಮಿನಲ್ಲೇ ಇದೆ.

ಹಾಗಿದ್ದರೆ ಅಲ್ಲಿ ಬೆಂಚಿನ ಮೇಲೆ ಕಾಯುತ್ತ ಕೂತವರೆಲ್ಲ ಒಂದೇ ಥರದವರು ಯಾಕೆ? ತುರ್ಭೆಯ ಕಲ್ಲಿನ ಖದಾನಿನವರು, ಮುಂಬ್ರಾದವರು, ಉಲ್ಲಾಸನಗರದ ಝೋಪಡಿಗಳವರು, ಸಿಗ್ನಲ್ಲಿನಲ್ಲಿ ಬಲೂನು ಮಾರುವ ಪಾರ್ಧಿಗಳು. ಇಷ್ಟು ವರ್ಷದಲ್ಲಿ ನಮ್ಮ ಡೊಂಬಿವಲಿಯ ಸೊಸೈಟಿಗಳ ಮಕ್ಕಳನ್ನು ಆ ಬೆಂಚಿನ ಮೇಲೆ ನೋಡಿದ್ದು ಬೆರಳೆಣಿಕೆ. ನಮ್ಮ ಮಕ್ಕಳು ಅಷ್ಟು ಸಾಧುಗಳೇ? ನಾನು ಟೀಚರು, ನನಗೆ ಗೊತ್ತು.

ಇನ್ನು ನಾನು ಹೇಳಹೊರಟ ಹುಡುಗ. ಅವನ ಹೆಸರು, ಊರು ಬರೆಯುವ ಹಾಗಿಲ್ಲ. ಕಾಯ್ದೆಯ 74ನೇ ಕಲಮು ಬಿಡುವುದಿಲ್ಲ. ಗುರುತು ಸಿಗದಷ್ಟು ವಿವರ ಆಚೀಚೆ ಮಾಡಿದ್ದೇನೆ. ಕಲ್ಲುವಡ್ಡರ ಹುಡುಗ. ಪಾರ್ಸಿಕ್ ಗುಡ್ಡದ ಬುಡದಲ್ಲಿ ಅಪ್ಪ ಅವ್ವ ಕಲ್ಲು ಒಡೆಯುತ್ತಾರೆ. ಮನೆಯಲ್ಲಿ ತೆಲುಗಿಗೆ ಹತ್ತಿರದ ವಡ್ಡರ ಮಾತು, ಊರಲ್ಲಿ ಕಲಿತ ಸಿಂದಗಿ ಕಡೆಯ ಕನ್ನಡ, ಬೀದಿಯಲ್ಲಿ ಹಿಂದಿ. ಮರಾಠಿ ಅರ್ಧಂಬರ್ಧ.

ಅವನನ್ನು ಮೊದಲ ಸಲ ನೋಡಿದಾಗ ನಾನು ಕೇಳಿದ ಎರಡನೆಯ ಪ್ರಶ್ನೆ ಏನು ಗೊತ್ತೇ? "ಹೆಸರೇನಪಾ?" ಆಯಿತು. ಆಮೇಲೆ, "ಯಾವ ಜನ ನೀವು?" ಹುಡುಗ ಕಣ್ಣು ಕೆಳಗೆ ಹಾಕಿ, "ವಡ್ಡರ್ರೀ ಅಕ್ಕೋರ" ಅಂದ. ನಾನು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಯಾವ ಭಾಷೆಯಲ್ಲಿ ಮಾತಾಡಿಸಲಿ ಎಂದು ತಿಳಿಯಬೇಕಿತ್ತು. ಆದರೆ ನನಗಿಂತ ಮೊದಲು ಅದೇ ಪ್ರಶ್ನೆಯನ್ನು ಇನ್ನೊಬ್ಬರು ಕೇಳಿದ್ದರು, ನವಿ ಮುಂಬಯಿಯ ಒಂದು ಪೊಲೀಸ್ ಸ್ಟೇಷನ್ನಿನಲ್ಲಿ.

ನಾನು ಹುಟ್ಟಿದ್ದು ವಿಜಾಪುರದಲ್ಲಿ. "ಸೆಟ್ಲಮೆಂಟ್ ಕಡೆ ಹೋಗಬ್ಯಾಡ್ರಿ" ಎಂದು ಅಜ್ಜಿ ಹೆದರಿಸುತ್ತಿದ್ದಳು. ಸೆಟ್ಲಮೆಂಟ್ ಎಂದರೆ ಏನೆಂದು ಕೇಳಿದರೆ, "ಅಲ್ಲೆ ಕಳ್ಳರ ಇರ್ತಾರ" ಎಂಬ ಉತ್ತರ. ಹುಬ್ಬಳ್ಳಿ, ಗದಗ, ಸೊಲ್ಲಾಪುರದವರಿಗೂ ಈ ಹೆಸರು ಗೊತ್ತು. ಅದರ ಮೂಲ 1871ರ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್. ಇಡೀ ಜಾತಿಯೇ ಹುಟ್ಟಾ ಕಳ್ಳರದು ಎಂದು ಸರ್ಕಾರ ಗೆಜೆಟ್ಟಿನಲ್ಲಿ ಬರೆದುಬಿಟ್ಟರೆ ಮುಗಿಯಿತು, ಅದರ ವಿರುದ್ಧ ಕೋರ್ಟಿಗೆ ಹೋಗುವಂತಿರಲಿಲ್ಲ. ಮೊದಲು ಉತ್ತರ ಭಾರತದಲ್ಲಿ, 1911ರ ತಿದ್ದುಪಡಿಯಾದ ಮೇಲೆ ದೇಶಕ್ಕೆಲ್ಲ ಇದು ಬಂತು. ಹಾಜರಿ ಹಾಕಬೇಕು, ಪಾಸಿಲ್ಲದೆ ಊರು ಬಿಡಬಾರದು. ತಂತಿಬೇಲಿಯೊಳಗಿನ ವಸತಿಗಳಿಗೆ ಸೆಟ್ಲಮೆಂಟ್ ಎಂದು ಹೆಸರು.

ಅದರಲ್ಲಿ ಮಕ್ಕಳ ಮಾತೂ ಇತ್ತು. ಆರರಿಂದ ಹದಿನೆಂಟರ ಒಳಗಿನ ಮಕ್ಕಳನ್ನು ಅಪ್ಪ ಅವ್ವನಿಂದ ಬಿಡಿಸಿ ಬೇರೆ ಶಾಲೆಗಳಲ್ಲಿ ಇಡುವ ಅಧಿಕಾರವನ್ನು 1911ರ ಕಾಯ್ದೆ ಸರ್ಕಾರಕ್ಕೆ ಕೊಟ್ಟಿತ್ತು. ಆ ಮಗು ಏನೂ ಮಾಡಿರಬೇಕಾಗಿರಲಿಲ್ಲ. ನಮ್ಮ ದೇಶದಲ್ಲಿ ಬಾಲಾಪರಾಧದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1857ರಲ್ಲಿ ಮುಂಬಯಿಯಲ್ಲಿ ಶುರುವಾದ ಡೇವಿಡ್ ಸಸೂನ್ ಶಾಲೆಯಿಂದಲೋ 1924ರ ಬಾಂಬೆ ಚಿಲ್ಡ್ರನ್ ಆ್ಯಕ್ಟಿನಿಂದಲೋ ಶುರುಮಾಡುತ್ತಾರೆ. ಸೆಟ್ಲಮೆಂಟಿನ ಮಕ್ಕಳು ಆ ಚರಿತ್ರೆಯಲ್ಲಿ ಬರುವುದೇ ಇಲ್ಲ. ಅವರ ಲೆಕ್ಕ ಬೇರೆ ಕಡತದಲ್ಲಿತ್ತು.

1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ಹೋಯಿತು. ಅಂದಿನಿಂದ ಈ ಜನ 'ವಿಮುಕ್ತರು'. ಬಿಡುಗಡೆಯಾಗಿ ಏಳು ವರ್ಷ ಕಳೆಯುವುದರಲ್ಲಿ ಮುಂಬಯಿ ರಾಜ್ಯ ರೂಢಿಗತ ಅಪರಾಧಿಗಳ ಕಾಯ್ದೆ ತಂದಿತು, 1961ರಲ್ಲಿ ಕರ್ನಾಟಕವೂ ತನ್ನದೊಂದನ್ನು ತಂದಿತು. ಈ ಕಾಯ್ದೆಗಳಲ್ಲಿ ಜಾತಿಯ ಹೆಸರಿಲ್ಲ, ನಿಜ. ಆದರೆ ಸ್ಟೇಷನ್ನಿನ ಗೋಡೆಯ ಮೇಲೆ ಯಾರ ಫೋಟೋ ಇರುತ್ತದೆ, ಊರಲ್ಲಿ ಕಳವಾದರೆ ಜೀಪು ಮೊದಲು ಯಾವ ಡೇರೆಗಳ ಕಡೆ ಹೋಗುತ್ತದೆ ಎಂದು ಪಾರ್ಧಿಗಳನ್ನೋ ಕೈಕಾಡಿಗಳನ್ನೋ ಕೇಳಿ. ಕೈಕಾಡಿ ಸಮುದಾಯದ ಲಕ್ಷ್ಮಣ ಮಾನೆಯವರ 'ಉಪರಾ', ಲಕ್ಷ್ಮಣ ಗಾಯಕವಾಡರ 'ಉಚಲ್ಯಾ' ಎರಡೂ ಮರಾಠಿಯಲ್ಲಿ ಬಂದು, ಎರಡಕ್ಕೂ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ನಮ್ಮ ಓದುವ ಜನ ಕಣ್ಣೀರು ಹಾಕಿದರು. ಜೀಪು ದಾರಿ ಬದಲಿಸಲಿಲ್ಲ.

ವಡ್ಡರದು ಇನ್ನೊಂದು ವಿಚಿತ್ರ. ಕರ್ನಾಟಕದಲ್ಲಿ ಅವರು ಭೋವಿ ಎಂದು ಪರಿಶಿಷ್ಟ ಜಾತಿ. ಭೀಮಾ ದಾಟಿ ಸೊಲ್ಲಾಪುರಕ್ಕೆ ಬಂದರೆ ವಿಮುಕ್ತ ಜಾತಿ. ಲಂಬಾಣಿಗಳಿಗೂ ಹೀಗೇ. ಒಂದು ರಾಜ್ಯದ ಜಾತಿ ಸರ್ಟಿಫಿಕೇಟು ಇನ್ನೊಂದರಲ್ಲಿ ನಡೆಯದು. ಸುಪ್ರೀಂ ಕೋರ್ಟು 1990ರಲ್ಲೇ ಹಾಗೆ ಹೇಳಿದೆ. ಆದ್ದರಿಂದ ನಮ್ಮ ಹುಡುಗನಿಗೆ ಇಲ್ಲಿ ಹಾಸ್ಟೆಲ್ಲೂ ಇಲ್ಲ, ಸ್ಕಾಲರ್‌ಶಿಪ್ಪೂ ಇಲ್ಲ. ಸವಲತ್ತು ನದಿ ದಾಟುವುದಿಲ್ಲ, ಸಂಶಯ ಮಾತ್ರ ದಾಟುತ್ತದೆ.

ಆದದ್ದು ಇಷ್ಟು. ಫೆಬ್ರವರಿಯ ಒಂದು ಸಂಜೆ ಖದಾನಿನಿಂದ ಹೊರಟ ಮೂವರು ಹುಡುಗರು ರಸ್ತೆಯಲ್ಲಿ ಒಬ್ಬರ ಕೈಯಿಂದ ಮೊಬೈಲು ಕಿತ್ತುಕೊಂಡು ಓಡಿದರು. ಕಿತ್ತವನು ಒಬ್ಬ, ಓಡಿದವರು ಮೂವರು. ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆ ಫೋನಿನವರೂ ತಿಂಗಳ ಸಂಬಳ ಕೂಡಿಸಿ ಕೊಂಡಿದ್ದರು. ಹಿಡಿದ ಮೇಲೆ ಪೊಲೀಸರು ಮೂವರಿಗೂ ಪ್ರಶ್ನೆ ಕೇಳಿದ್ದಾರೆ. ಅದರಲ್ಲಿ ಒಂದು: "ಹತ್ಯಾರ್ ಹೋತಂ ಕಾ?" ನಮ್ಮ ಹುಡುಗ ಹೇಳಿದ: "ಹೂಂ, ಹತ್ಯಾರ ಚೀಲದಾಗ ಇತ್ತು."

ವಿಜಾಪುರ ಸೀಮೆಯ ಓದುಗರಿಗೆ ಈಗಾಗಲೇ ಹೊಳೆದಿರಬೇಕು. ನಮ್ಮ ಕಡೆ ಹತ್ಯಾರ ಎಂದರೆ ಸಾಮಾನು, ಕಸುಬಿನ ಸಲಕರಣೆ. ಬಡಿಗನ ಹತ್ಯಾರ, ಚಮ್ಮಾರನ ಹತ್ಯಾರ. ಅವನ ಚೀಲದಲ್ಲಿದ್ದದ್ದು ಒಂದು ಸುತ್ತಿಗೆ, ಎರಡು ಚಾಣ. ದಿನವಿಡೀ ಅದರಲ್ಲೇ ಕಲ್ಲು ಒಡೆದು ಬಂದಿದ್ದ. ಕೇಳಿದವರು ಕೇಳಿದ್ದು ಆಯುಧವನ್ನು, ಇವನು ಹೇಳಿದ್ದು ಕಸುಬನ್ನು. ಕಾಗದದ ಮೇಲೆ 'ಘಾತಕ ಹತ್ಯಾರ' ಬಿತ್ತು.

ಆ ಒಂದು ಪದದಿಂದ ಏನಾಗುತ್ತದೆ ನೋಡಿ. 2024ರ ಜುಲೈಯಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಸಿದುಕೊಂಡು ಓಡುವುದಕ್ಕೆ 304ನೇ ಕಲಮು ಇದೆ, ಹೆಚ್ಚೆಂದರೆ ಮೂರು ವರ್ಷ. ಮಕ್ಕಳ ಕಾಯ್ದೆಯ ಲೆಕ್ಕದಲ್ಲಿ ಮೂರು ವರ್ಷದವರೆಗಿನದು 'ಸಣ್ಣ' ಅಪರಾಧ. ಅದಕ್ಕೆ ಎಫ್‌ಐಆರ್ ಕೂಡ ಹಾಕುವಂತಿಲ್ಲ. ಸ್ಟೇಷನ್ ಡೈರಿಯಲ್ಲಿ ಬರೆದು, ಮಗುವಿನ ಮನೆಯ ಸ್ಥಿತಿಯ ವರದಿ ಸೇರಿಸಿ ಮಂಡಳಿಗೆ ಕಳಿಸಬೇಕು. ಮಂಡಳಿಯ ವಿಚಾರಣೆ ನಾಲ್ಕು ತಿಂಗಳು, ಮತ್ತೆರಡು ತಿಂಗಳು ಎಳೆದೂ ಮುಗಿಯದಿದ್ದರೆ ಸಣ್ಣ ಅಪರಾಧದ ಕೇಸು ತನ್ನಷ್ಟಕ್ಕೇ ರದ್ದಾಗುತ್ತದೆ. ಆದರೆ ಮಾರಕ ಆಯುಧ ಬಳಸಿ ಸುಲಿಗೆ ಎಂದಾದರೆ 311ನೇ ಕಲಮು, ಹಳೆಯ ಐಪಿಸಿಯ 397. ಅದರಲ್ಲಿ ಕನಿಷ್ಠವೇ ಏಳು ವರ್ಷ. ಕನಿಷ್ಠ ಏಳು ಎಂದಕೂಡಲೇ ಅದು 'ಘೋರ' ಅಪರಾಧವಾಗುತ್ತದೆ. ಮಗುವಿಗೆ ಹದಿನಾರು ತುಂಬಿದ್ದರೆ, ಇವನನ್ನು ದೊಡ್ಡವನೆಂದೇ ವಿಚಾರಿಸಬೇಕೇ ಎಂದು ಮಂಡಳಿ ಮೂರು ತಿಂಗಳೊಳಗೆ ಪ್ರಾಥಮಿಕ ಪರಿಶೀಲನೆ ಮಾಡಬೇಕು. ದೆಹಲಿಯ 2012ರ ಸಾಮೂಹಿಕ ಅತ್ಯಾಚಾರದ ಸಿಟ್ಟಿನಲ್ಲಿ ಸಂಸತ್ತು 2015ರಲ್ಲಿ ಸೇರಿಸಿದ ಬಾಗಿಲಿದು. ಅದೇ ಫೋನು, ಅದೇ ಸಂಜೆ, ಅವೇ ಮೂವರು.

ಇಲ್ಲಿ ನಮ್ಮ ಮನೆಯ ಮಾತನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬರೆದದ್ದು ಸುಳ್ಳಾಗುತ್ತದೆ. ದೀಪಾವಳಿಯ ನಸುಕಿನಲ್ಲಿ ಡೊಂಬಿವಲಿಯ ಹುಡುಗ ಹುಡುಗಿಯರೆಲ್ಲ ಹೊಸ ಬಟ್ಟೆ ತೊಟ್ಟು ಫಡ್ಕೆ ರೋಡಿನಲ್ಲಿ ನೆರೆಯುತ್ತಾರೆ, ಕಾಲಿಡಲು ಜಾಗವಿರುವುದಿಲ್ಲ. ಒಂದು ವರ್ಷ ನನ್ನ ಮಗಳ ಮಗ, ಆಗ ಅವನಿಗೆ ಹದಿನಾರು, ಗೆಳೆಯರ ಜತೆ ಸೇರಿ ಕೀಲಿ ಬಿಟ್ಟಿದ್ದ ಯಾರದೋ ಸ್ಕೂಟರು ಎತ್ತಿಕೊಂಡು ಹೋದ. ಘರಡಾ ಸರ್ಕಲ್ಲಿನ ಹತ್ತಿರ ಬಿದ್ದರು. ಸ್ಟೇಷನ್ನಿಗೆ ಒಯ್ದರು. ಅಳಿಯ ಯಾರಿಗೋ ಫೋನು ಮಾಡಿದ. ನಾನೂ ಹೋಗಿದ್ದೆ, ಸಾಹೇಬರು ಎದ್ದು ಕುರ್ಚಿ ಕೊಟ್ಟರು, ಅಡ್ಡಹೆಸರು ಕೇಳಿದರು, ನಾನು ಶಾಲೆಯ ಟೀಚರೆಂದು ತಿಳಿದು ಚಹಾ ತರಿಸಿದರು. ಸ್ಕೂಟರಿನವರಿಗೆ ರಿಪೇರಿ ಖರ್ಚು ಕೊಟ್ಟೆವು. ಹುಡುಗರಿಂದ ಮಾಫಿಪತ್ರ ಬರೆಸಿಕೊಂಡು, ಬೆನ್ನಿಗೆ ಒಂದು ಏಟು ಹಾಕಿ ಕಳಿಸಿದರು. ಊಟದ ಹೊತ್ತಿಗೆ ಮನೆಯಲ್ಲಿದ್ದ. ಈಗ ಇಂಜಿನಿಯರಿಂಗ್ ಓದುತ್ತಿದ್ದಾನೆ.

ಆ ಸಾಹೇಬರು ಮಾಡಿದ್ದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಕೋರ್ಟು ಕಚೇರಿಯಿಂದ ಮಗುವನ್ನು ಆದಷ್ಟು ದೂರವಿಟ್ಟು ತಿದ್ದಬೇಕೆಂಬುದೇ ಕಾಯ್ದೆಯ ಮಾತು. ನನ್ನ ಮೊಮ್ಮಗನಿಗೆ ಕಾಯ್ದೆ ಓದದೆಯೇ ಕಾಯ್ದೆಯ ಫಲ ಸಿಕ್ಕಿತು. ಪುಣೆಯ ಕಲ್ಯಾಣಿನಗರದಲ್ಲಿ 2024ರ ಮೇ 19ರಂದು ಪೋರ್ಶೆ ಕಾರು ಗುದ್ದಿ ಇಬ್ಬರು ಸಾಫ್ಟ್‌ವೇರ್ ಇಂಜಿನಿಯರುಗಳು ತೀರಿಹೋದಾಗ, ಗಾಡಿ ಓಡಿಸುತ್ತಿದ್ದ ಹದಿನೇಳರ ಹುಡುಗನಿಗೆ ಗಂಟೆಗಳೊಳಗೆ ಜಾಮೀನು ಸಿಕ್ಕಿತು, 300 ಶಬ್ದದ ಪ್ರಬಂಧ ಬರೆಯಬೇಕೆಂಬ ಷರತ್ತಿನ ಮೇಲೆ. ದೇಶವೇ ಕುದಿಯಿತು. ಆಮೇಲೆ ಅವನನ್ನು ವೀಕ್ಷಣಾಲಯಕ್ಕೆ ಕಳಿಸಿದರು, ಜೂನ್ 25ಕ್ಕೆ ಹೈಕೋರ್ಟು ಅದು ಕಾನೂನಿಗೆ ವಿರುದ್ಧ ಎಂದು ಬಿಡಿಸಿತು. ಆ ಪ್ರಬಂಧದ ಬಗ್ಗೆ ನಾನೂ ಎಲ್ಲರಂತೆ ಸಿಟ್ಟಾಗಿದ್ದೆ. ಈಗ ಯೋಚನೆ ಬೇರೆ ದಾರಿ ಹಿಡಿದಿದೆ. ಜಾಮೀನು ಸಿಕ್ಕಿದ್ದು ತಪ್ಪಲ್ಲ. ಭಿವಂಡಿಯ ಬೆಂಚಿನ ಮೇಲಿರುವ ಎಷ್ಟು ಮಕ್ಕಳಿಗೆ ಅದು ಅಷ್ಟು ಬೇಗ ಸಿಗುತ್ತದೆ? ಅವರಲ್ಲಿ ಎಷ್ಟು ಮಂದಿಗೆ ಯಾವ ಭಾಷೆಯಲ್ಲಾದರೂ 300 ಶಬ್ದ ಬರೆಯಲು ಬರುತ್ತದೆ?

ಜಾಮೀನಿಗೆ ಜಾಮೀನುದಾರ ಬೇಕೇ ಬೇಕೆಂದು ಕಾಯ್ದೆ ಹೇಳುವುದಿಲ್ಲ. ಆದರೂ ಮನೆಯ ವಿಳಾಸ ಬೇಕು, ಬಾಡಿಗೆ ಕರಾರು ಇದ್ದರೆ ಒಳ್ಳೆಯದು, ಕರೆದಾಗ ಬರುತ್ತಾರೆಂಬ ಭರವಸೆ ಬೇಕು. ಖದಾನಿನ ಪತ್ರಾಶೆಡ್ಡಿಗೆ ಯಾರು ಕರಾರು ಬರೆದುಕೊಡುತ್ತಾರೆ? ಇನ್ನು 12ನೇ ಕಲಮಿನಲ್ಲಿ ಜಾಮೀನು ನಿರಾಕರಿಸಲು ಹೇಳಿರುವ ಕಾರಣಗಳಲ್ಲಿ ಒಂದು, ಬಿಟ್ಟರೆ ಈ ಮಗು ಗೊತ್ತಿರುವ ಅಪರಾಧಿಗಳ ಸಹವಾಸಕ್ಕೆ ಬೀಳುತ್ತದೆ ಎಂಬುದು. ಕೇಳಲಿಕ್ಕೆ ನ್ಯಾಯವಾಗಿದೆ. ಈಗ ಒಂದು ಪಾರ್ಧಿ ಮನೆಯನ್ನು ನೆನೆಯಿರಿ. ಸುತ್ತಮುತ್ತ ಕಳವಾದಾಗಲೆಲ್ಲ ಅಪ್ಪನನ್ನೂ ಚಿಕ್ಕಪ್ಪನನ್ನೂ ಎಳೆದೊಯ್ದು ಹೆಸರು ಬರೆದುಕೊಂಡಿರುತ್ತಾರೆ. ಮಗುವಿನ ಬಗ್ಗೆ ಪರಿವೀಕ್ಷಣಾಧಿಕಾರಿ ತುಂಬುವ ಸಾಮಾಜಿಕ ವರದಿಯಲ್ಲಿ ಮನೆಯವರ ಮೇಲೆ ಕೇಸುಗಳಿವೆಯೇ ಎಂಬ ಕಾಲಮೇ ಇದೆ. ಆ ಕಾಲಮು ತುಂಬಿದರೆ 'ಅಪರಾಧಿಗಳ ಸಹವಾಸ' ಅಂದರೆ ಅವನ ಅಪ್ಪ, 'ಬೀಳುವ ಜಾಗ' ಅಂದರೆ ಅವನ ಮನೆ. 1911ರಲ್ಲಿ ಸರ್ಕಾರ ಒಂದು ಆಜ್ಞೆಯಿಂದ ಮಾಡುತ್ತಿದ್ದ ಕೆಲಸವನ್ನು ಈಗ ಯಾರೂ ಕೆಟ್ಟ ಮನಸ್ಸಿಲ್ಲದೆ, ಒಂದು ನಮೂನೆ ತುಂಬಿ ಮಾಡಬಹುದು. ನಾನು ನೋಡಿದ ಪರಿವೀಕ್ಷಣಾಧಿಕಾರಿಗಳಲ್ಲಿ ಹೆಚ್ಚಿನವರು ಒಳ್ಳೆಯವರು, ಕೈತುಂಬ ಕೆಲಸ ಇರುವವರು. ಕಾಲಮು ಖಾಲಿ ಬಿಡುವಂತಿಲ್ಲ ಅಷ್ಟೆ.

ಮೇಲಿನವರಿಗೆ ಇದು ಗೊತ್ತಿಲ್ಲವೆಂದಲ್ಲ. 2024ರ ಮೇ ತಿಂಗಳಲ್ಲಿ ದೆಹಲಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹಿಂದುಳಿದ ಮತ್ತು ವಿಮುಕ್ತ ಸಮುದಾಯಗಳವರ ಹೆಸರುಗಳನ್ನು ಯಾಂತ್ರಿಕವಾಗಿ ಹಿಸ್ಟರಿ ಶೀಟಿಗೆ ಸೇರಿಸುವ ರೂಢಿಯ ಬಗ್ಗೆ ರಾಜ್ಯಗಳನ್ನು ಎಚ್ಚರಿಸಿತು. ಅಲ್ಲಿನ ಪೊಲೀಸರು ಶೀಟಿನಲ್ಲಿ ಮನೆಯ ಮಕ್ಕಳ ವಿವರ ಬರೆಯುವಂತಿಲ್ಲವೆಂದು ತಮ್ಮ ನಿಯಮ ತಿದ್ದಿಕೊಂಡರು. ಅದೇ ವರ್ಷ ಅಕ್ಟೋಬರ್ 3ರಂದು, ಮುಂಬಯಿಯ ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ, ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ, ವಿಮುಕ್ತ ಜನರನ್ನು ಹುಟ್ಟು ಅಪರಾಧಿಗಳೆಂದು ಕಾಣುವ ನಿಯಮಗಳನ್ನೆಲ್ಲ ಅದೇ ಕೋರ್ಟು ಹೊಡೆದುಹಾಕಿತು. ಓದಿ ನನಗೆ ಸಂತೋಷವಾಯಿತು. ಮಾರನೆಯ ವಾರ ಭಿವಂಡಿಗೆ ಹೋದಾಗ ಬೆಂಚಿನ ಮೇಲೆ ಅದೇ ಜನ ಇದ್ದರು.

ಎಷ್ಟು ಜನ? ಇದಕ್ಕೆ ಉತ್ತರ ಸರ್ಕಾರದ ಬಳಿಯೂ ಇಲ್ಲ. ದೊಡ್ಡವರ ಜೈಲುಗಳ ವಾರ್ಷಿಕ ವರದಿಯಲ್ಲಿ ಕೈದಿಗಳ ಜಾತಿ, ಧರ್ಮದ ಲೆಕ್ಕವಿರುತ್ತದೆ. ಅಪರಾಧಗಳ ವಾರ್ಷಿಕ ವರದಿಯ ಮಕ್ಕಳ ಅಧ್ಯಾಯದಲ್ಲಿ ಓದಿದ್ದೆಷ್ಟು, ಅಪ್ಪ ಅವ್ವನ ಜತೆ ಇದ್ದರೇ ಎಂಬುದಷ್ಟೇ ಇದೆ. 2013ರಲ್ಲಿ ಆದಾಯದ ಲೆಕ್ಕವೂ ಇತ್ತು. ಹಿಡಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ಮನೆಯ ವರ್ಷದ ಗಳಿಕೆ 25,000 ರೂಪಾಯಿ ಮುಟ್ಟಿರಲಿಲ್ಲ. ಈಗ ಆ ಕಾಲಮೂ ಇಲ್ಲ. ಅಮೆರಿಕದವರು ಈ ವಿಷಯದಲ್ಲಿ ನಮಗಿಂತ ಜಾಣರು, ಅಥವಾ ಹೆಚ್ಚು ಪೆಟ್ಟು ತಿಂದವರು. 1988ರಿಂದ ಅಲ್ಲಿನ ಕಾನೂನು ರಾಜ್ಯಗಳಿಗೆ ಈ ಲೆಕ್ಕ ಇಡಲು ಹೇಳಿದೆ. ಹಿಡಿಯುವಾಗ, ಎಚ್ಚರಿಸಿ ಬಿಡುವಾಗ, ಕೂಡಿಹಾಕುವಾಗ, ದೊಡ್ಡವರ ಕೋರ್ಟಿಗೆ ಕಳಿಸುವಾಗ, ಒಂದೊಂದು ಬಾಗಿಲಿನಲ್ಲೂ ಬಿಳಿಯ ಮಕ್ಕಳೆಷ್ಟು, ಕರಿಯ ಮಕ್ಕಳೆಷ್ಟು. ಲೆಕ್ಕದಿಂದ ಅವರ ರೋಗ ವಾಸಿಯಾಗಿಲ್ಲ. ಮಕ್ಕಳಲ್ಲಿ ಆರರಲ್ಲೊಂದು ಪಾಲಿನಷ್ಟಿರುವ ಕರಿಯರು ಕೂಡಿಹಾಕಿದವರಲ್ಲಿ ಐದರಲ್ಲಿ ಎರಡು ಪಾಲು ಇದ್ದಾರೆ. ಆದರೆ ಯಾವ ಬಾಗಿಲಲ್ಲಿ ಸೋರುತ್ತಿದೆ ಎಂದಾದರೂ ಅವರಿಗೆ ಗೊತ್ತು. ನಮ್ಮಲ್ಲಿ ದೊಡ್ಡವರ ಬಗ್ಗೆ ಒಂದು ಕಿಂಡಿ ತೆರೆದವರು ಟಾಟಾ ಸಮಾಜವಿಜ್ಞಾನ ಸಂಸ್ಥೆಯ ವಿಜಯ ರಾಘವನ್ ಮತ್ತು ರೋಶ್ನಿ ನಾಯರ್. ಮಹಾರಾಷ್ಟ್ರದ ಜೈಲುಗಳಲ್ಲಿ 339 ಮುಸ್ಲಿಂ ಕೈದಿಗಳನ್ನು ಮಾತಾಡಿಸಿ 2011ರಲ್ಲಿ ವರದಿ ಕೊಟ್ಟರು. ರಾಜ್ಯದ ಜನಸಂಖ್ಯೆಯಲ್ಲಿ ಹತ್ತರಲ್ಲೊಂದು ಪಾಲಿನ ಸಮುದಾಯ ಜೈಲಿನಲ್ಲಿ ಹತ್ತಿರಹತ್ತಿರ ಮೂರರಲ್ಲೊಂದು ಪಾಲು ಇತ್ತು. ಮುಂಬ್ರಾದ ಮಕ್ಕಳು ವಿಳಾಸ ಹೇಳುವಾಗ ಯಾಕೆ ಸುಮ್ಮನೆ 'ಥಾಣೆ' ಅನ್ನುತ್ತಾರೆಂದು ನನಗೆ ಆಗ ತಿಳಿಯಿತು.

ನಮ್ಮ ಕನ್ನಡದವರ ಬಗ್ಗೆಯೂ ಒಂದು ಮಾತು. ಈ ಪಟ್ಟಣಗಳಲ್ಲಿ ಎರಡು ಕನ್ನಡ ಇವೆ: ಬಿಲ್ಡಿಂಗಿನ ಕನ್ನಡ, ನಾಕಾದ ಕನ್ನಡ. ರಾಜ್ಯೋತ್ಸವಕ್ಕೆ ಸೇರುವವರು ಮೊದಲನೆಯವರು. ಬೆಳಿಗ್ಗೆ ಏಳಕ್ಕೆ ಕೂಲಿಗಾಗಿ ನಾಕಾದಲ್ಲಿ ನಿಲ್ಲುವವರು ಎರಡನೆಯವರು. ಭಿವಂಡಿಯ ಹುಡುಗನ ಸಂಗತಿಯನ್ನು ನಮ್ಮ ಕೂಟವೊಂದರಲ್ಲಿ ಹೇಳಿದಾಗ ಹಿರಿಯರೊಬ್ಬರು, "ಅವರು ನಮ್ಮವರೇನಲ್ಲ ಬಿಡಿ, ವಡ್ಡರು" ಅಂದರು. ಇದೇ ಹಿರಿಯರನ್ನು ಮರಾಠಿಯವರು 'ಕಾನಡಿ' ಅಂದರೆ ಮೂರು ದಿನ ಉರಿಯುತ್ತಾರೆ.

ಈಗ ತಾರೀಖಿಗೆ ಬರುತ್ತೇನೆ. ವಯಸ್ಸು ಗೊತ್ತುಮಾಡಲು 94ನೇ ಕಲಮು ಒಂದು ಕ್ರಮ ಹೇಳಿದೆ. ಮೊದಲು ಶಾಲೆಯ ಪ್ರಮಾಣಪತ್ರ ಅಥವಾ ಮೆಟ್ರಿಕ್ ಸರ್ಟಿಫಿಕೇಟು. ಅದಿಲ್ಲದಿದ್ದರೆ ಪಂಚಾಯತಿಯ ಅಥವಾ ಪಾಲಿಕೆಯ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ. ಅದರಲ್ಲಿ ಎರಡು ವರ್ಷ ಆಚೀಚೆ ಆಗಬಹುದೆಂದು ಕೋರ್ಟುಗಳೇ ಒಪ್ಪಿವೆ. ಅಂದರೆ ನಾವು ಕಿವಿ ಮುಟ್ಟಿಸಿ ಬರೆದದ್ದು ಮೊದಲನೆಯ ಸಾಕ್ಷಿ, ಡಾಕ್ಟರರ ಎಕ್ಸ್‌ರೇ ಕೊನೆಯದು.

ಈ ಕಾಗದ ಜೀವ ಉಳಿಸಿದ್ದೂ ಉಂಟು. ಪುಣೆಯಲ್ಲಿ 1994ರಲ್ಲಿ ನಡೆದ ಕೊಲೆಗಳ ಪ್ರಕರಣದಲ್ಲಿ ರಾಜಸ್ಥಾನದಿಂದ ಬಂದಿದ್ದವನೊಬ್ಬನಿಗೆ ಗಲ್ಲು ಆಗಿತ್ತು. 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅವನ ಊರಿನ ಶಾಲೆಯ ದಾಖಲೆ ನೋಡಿ, ಘಟನೆಯ ದಿನ ಅವನಿಗೆ ಹನ್ನೆರಡೂವರೆ ವರ್ಷ ಎಂದು ಒಪ್ಪಿ ಬಿಟ್ಟಿತು. ಅಷ್ಟರಲ್ಲಿ 28 ವರ್ಷ ಜೈಲಿನಲ್ಲಿ ಕಳೆದಿದ್ದ. ಇಂಥವರು ಒಬ್ಬಿಬ್ಬರಲ್ಲ. ಐಪ್ರೊಬೊನೊ ಎಂಬ ಕಾನೂನು ಸಂಸ್ಥೆ ಮಾಹಿತಿ ಹಕ್ಕಿನಡಿ ಕೇಳಿ ತೆಗೆದ ಲೆಕ್ಕದಂತೆ 2016ರಿಂದ 2021ರವರೆಗೆ ದೊಡ್ಡವರ ಜೈಲುಗಳಲ್ಲಿ ತಪ್ಪಾಗಿ ಇಟ್ಟಿದ್ದ ಮಕ್ಕಳು 9,681. ಮನೆಯಲ್ಲಿ ಕಬ್ಬಿಣದ ಕಪಾಟು ಇರುವವರ ಮಕ್ಕಳು ಇದರಲ್ಲಿ ಎಷ್ಟಿರಬಹುದು?

ನಮ್ಮ ಹುಡುಗನ ಶಾಲೆಯ ಕಾಗದ ಊರಿನಿಂದ ಬಂತು. ಜನ್ಮ ದಿನಾಂಕ: 1-6-2008. ಘಟನೆಯ ದಿನ ಹದಿನಾರು ವರ್ಷ ಎಂಟು ತಿಂಗಳು. ಹತ್ಯಾರದ ಮಾತನ್ನು ನಾನು ಮಂಡಳಿಯ ಮುಂದೆ ಬಿಡಿಸಿ ಹೇಳಿದ್ದೆ. ಮೇಜಿನ ಆಚೆ ಇದ್ದ ಹೆಣ್ಣುಮಗಳು ಕನ್ನಡದ ಆ ಶಬ್ದವನ್ನು ಎರಡು ಸಲ ಹೇಳಿಸಿಕೊಂಡು ಬರೆದುಕೊಂಡರು. ಆದರೆ ಕಲಮು ಬದಲಾಗುವವರೆಗೆ ಅದು ಘೋರ ಅಪರಾಧವೇ, ವಯಸ್ಸು ಹದಿನಾರರ ಮೇಲೇ.

ಹೊರಗೆ ಬೇವಿನ ಮರದ ಕೆಳಗೆ ಅವರವ್ವ ಕೂತಿದ್ದಳು. "ಇವ ಯಾವಾಗ ಹುಟ್ಟ್ಯಾನವಾ?" ಎಂದು ಕೇಳಿದೆ. ಮೂವತ್ತೊಂದು ವರ್ಷದಲ್ಲಿ ಎಷ್ಟು ಜನ ಅವ್ವಂದಿರಿಗೆ ಈ ಪ್ರಶ್ನೆ ಕೇಳಬಹುದಿತ್ತು, ಕೇಳಿರಲಿಲ್ಲ; ಅಪ್ಪನ ಹೆಬ್ಬೆಟ್ಟು ಸಾಕಾಗುತ್ತಿತ್ತು. ಅವಳು ಒಂದು ಗಳಿಗೆಯೂ ತಡೆಯಲಿಲ್ಲ.

"ಮಾಪೂರ ಬಂತಲ್ರೀ ಅಕ್ಕೋರ, ಮನಿ ಎಲ್ಲಾ ಬಿದ್ದೂ. ತಗಡಿನ ಶೆಡ್ಡಿನ್ಯಾಗ ಇಟ್ಟಿದ್ರು ನಮ್ಮನ್ನ. ಅಲ್ಲೇ ಹಡದೆ. ದೀಪಾವಳಿ ಆಗಿ ಎಂಟ ದಿನಾ."

ಮಹಾಪೂರ ಎಂದರೆ 2009. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ. ಉತ್ತರ ಕರ್ನಾಟಕ ಮುಳುಗಿದ್ದನ್ನು, ಆಮೇಲೆ 'ಆಸರೆ' ಮನೆಗಳ ಮಾತು ಬಂದದ್ದನ್ನು ಯಾರು ಮರೆತಾರು? ಆ ವರ್ಷ ದೀಪಾವಳಿ ಅಕ್ಟೋಬರ್ ನಡುವಿನಲ್ಲಿ ಬಿದ್ದಿತ್ತು. ಅವ್ವನ ಲೆಕ್ಕದಲ್ಲಿ ಹುಡುಗನಿಗೆ ಹದಿನೈದು ವರ್ಷ, ಚಿಲ್ಲರೆ ತಿಂಗಳು. ಹದಿನಾರು ತುಂಬದವನಿಗೆ ಆ ಬಾಗಿಲೇ ಇಲ್ಲ, ಅಪರಾಧ ಎಷ್ಟು ಘೋರವಾಗಿದ್ದರೂ. ಆದರೆ ಮಹಾಪೂರಕ್ಕೆ ಶಿಕ್ಕಾ ಇರುವುದಿಲ್ಲ.

ರಿಜಿಸ್ಟರಿನಲ್ಲಿ ಸಹಿ ಹಾಕಿದ್ದ ಹೆಡ್ ಮಾಸ್ತರರ ನಂಬರು ಹೇಗೋ ಸಿಕ್ಕಿತು. ಅವರೂ ನಿವೃತ್ತರು. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನೆನಪದ ರೀ ಬಾಯಾರ. ಅವನ ಕೈ ಕಿವಿಗಿ ಮುಟ್ಟಿದ್ದಿಲ್ಲ. ತಂದಿ ತಾಯಿ ದುಡಿಯಾಕ ಹೊಂಟಿದ್ರು, ಅಜ್ಜಿ ಹಂತ್ಯಾಕ ಬಿಟ್ಟು. ಅಕ್ಕನ ಬೆನ್ನ ಹತ್ತಿ ಬರ್ತಿದ್ದ, ಬಿಸಿಯೂಟಕ್ಕ. ಹೆಸರಿಲ್ಲದ ಹುಡುಗಗ ಹೆಂಗ ಹಾಕೂದು ಅನ್ನ? ಅದಕ್ಕ ಒಂದೂವರಿ ವರ್ಷ ಹಿಂದ ಹಾಕಿ ಬರ್ಕೊಂಡ್ವಿ. ಜೂನ್ ಒಂದು. ಎಲ್ಲಾರಿಗೂ ಅದ ಹಾಕ್ತಿದ್ವಿ. ನೀವು ಹಾಕ್ತಿದ್ದಿಲ್ಲೇನು?"

ಹಾಕುತ್ತಿದ್ದೆ ಎಂದೆ.

ಇದನ್ನೇ ಕಾಗದದ ಮೇಲೆ ಬರೆದು ಸಹಿ ಮಾಡಿ ಕೊಡುತ್ತೀರಾ ಎಂದು ಕೇಳಿದೆ. ಪೆನ್ಶನ್ನಿಗೆ ಏನಾದರೂ ತೊಂದರೆಯಾದೀತೇ ಎಂದು ಅವರು ತಿರುಗಿ ಕೇಳಿದರು. ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ವಿಚಾರಿಸಿ ತಿಳಿಸುತ್ತೇನೆ ಎಂದರು. ಆಮೇಲೆ ಅವರೇ ಮತ್ತೆ ಫೋನು ಮಾಡಿ, ಶೆಡ್ಡಿನಲ್ಲಿ ಹೆರಿಗೆಯಾದವರನ್ನು ನೋಡಲು ಆಗ ನರ್ಸಬಾಯಿ ಬರುತ್ತಿದ್ದಳು, ತಾಯಿ ಕಾರ್ಡು ಕೊಟ್ಟಿರಬೇಕು, ಆರೋಗ್ಯ ಕೇಂದ್ರದಲ್ಲಿ ಹಳೆಯ ರಿಜಿಸ್ಟರು ಇದ್ದೀತು ನೋಡಿರಿ ಎಂದರು.

ಮುಂದಿನ ತಾರೀಖು ಹದಿನೈದು ದಿನ ಬಿಟ್ಟು. ಹುಡುಗನ ಅಪ್ಪ ಎರಡು ದಿನದ ಕೂಲಿ ಬಿಟ್ಟು ರಾತ್ರಿಯ ಗಾಡಿಗೆ ಸೊಲ್ಲಾಪುರಕ್ಕೆ ಹೋಗಿದ್ದಾನೆ, ಅಲ್ಲಿಂದ ಬಸ್ಸಿನಲ್ಲಿ ಸಿಂದಗಿಗೆ.